ಮುಂದಿನ ಸೀಟಿನ ಗಾಳಿ

ಅಂಗಡಿಯವನು ಕಾರಿನ ಎಸಿ ಫಿಲ್ಟರಿನ ಡಬ್ಬಿಯನ್ನು ಕೌಂಟರಿನ ಮೇಲಿಟ್ಟನೇ ಹೊರತು ಅದರ ಮೇಲಿನ ಕೈ ತೆಗೆಯಲಿಲ್ಲ. "ಹಾಕೋರು ಯಾರು?" ಎಂದು ಕೇಳಿದ. "ನಾನೇ" ಎಂದಳು ಅವಳು. ಅವನು ಅವಳ ಮುಖ ನೋಡಿದ, ಹೆಗಲ ಮೇಲಿನ ಚೀಲ ನೋಡಿದ, ಆಮೇಲೆ ಹಿಂದೆ ಯಾರಾದರೂ ಗಂಡಸರು ಬರುತ್ತಿದ್ದಾರೋ ಎಂಬಂತೆ ಬಾಗಿಲ ಕಡೆ ಕತ್ತು ಚಾಚಿದ. "ಮನೆಯವರನ್ನ ಕಳಿಸಿ ಮೇಡಂ. ಮಾಡೆಲ್ಲು ಗೀಡೆಲ್ಲು ಅಂತ ನೂರೆಂಟು ಇರುತ್ತೆ. ಆಮೇಲೆ ಕೂರಲಿಲ್ಲ ಅಂತ ತಂದ್ರೆ ವಾಪಸ್ ತಗೊಳ್ಳಲ್ಲ." ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾಡೆಲ್ಲು, ವರ್ಷ ಎಲ್ಲವನ್ನೂ ಅವಳು ಒಪ್ಪಿಸಿದಳು. ಒಪ್ಪಿಸುವಾಗ ಪರೀಕ್ಷೆಗೆ ನಿಂತ ಹುಡುಗಿಯ ದನಿ ಬಂತು. ಆ ದನಿ ಕೇಳಿ ಅವಳಿಗೇ ಮೈ ಉರಿಯಿತು. ಇವನಿಗೆ ಯಾಕೆ ತಾನು ಲೆಕ್ಕ ಒಪ್ಪಿಸಬೇಕು? ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಂದವರನ್ನು ಅವಳು ಎಂದೂ ಹೀಗೆ ಅಡ್ಡ ಹಾಕಿದವಳಲ್ಲ. ಕುರ್ಚಿಯಲ್ಲಿ ಕೂರಿಸಿ, ಕಣ್ಣಿನ ಮುಂದೆ ಗಾಜು ಬದಲಿಸುತ್ತ, ಇದು ಚೆನ್ನಾಗಿದೆಯಾ ಅದಾ ಎಂದು ಕೇಳುವುದು, ಅವರು ಹೇಳಿದ್ದನ್ನು ಹೇಳಿದ ಹಾಗೆ ನಂಬುವುದು, ಅಷ್ಟೇ ಅವಳ ಕೆಲಸ. ಮಸುಕು ಎಂದರೆ ಮಸುಕು. ನಿಮಗೇನೂ ಮಸುಕಿಲ್ಲ, ಸುಮ್ಮನೆ ಹಾಗನ್ನಿಸುತ್ತಿದೆ ಎಂದು ಯಾರಿಗಾದರೂ ಹೇಳಿದರೆ ಮರುದಿನದಿಂದ ಅಂಗಡಿಯಲ್ಲಿ ನೊಣ ಹೊಡೆಯಬೇಕಾದೀತು. ಅವಳು ಇಷ್ಟು ಯೋಚಿಸುವ ಹೊತ್ತಿಗೆ ಅವನು ಡಬ್ಬಿಯನ್ನು ಇತ್ತ ತಳ್ಳಿ, "ಬಾಣದ ಗುರುತು ನೋಡ್ಕೊಂಡು ಹಾಕಿ ಮತ್ತೆ" ಎಂದು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿಬಿಟ್ಟಿದ್ದ. ಥ್ಯಾಂಕ್ಸ್ ಹೇಳಲು ಬಾಯಿ ತೆರೆದವಳು ಹೇಳದೆ ಹೊರಗೆ ಬಂದಳು. ಒಂದು ಥ್ಯಾಂಕ್ಸ್ ಉಳಿಸಿಕೊಂಡೆನಲ್ಲ ಎಂದು ಅವಳಿಗೆ ಒಳಗೊಳಗೇ ಖುಷಿಯಾಯಿತು.

ಬಿಸಿಲು ನೆತ್ತಿ ಸುಡುತ್ತಿತ್ತು. ರಜೆಯ ದಿನ, ಬೀದಿಯಲ್ಲಿ ಅರ್ಧಕ್ಕರ್ಧ ಅಂಗಡಿಗಳು ಬಾಗಿಲು ಎಳೆದುಕೊಂಡಿದ್ದವು. ಚೀಲದೊಳಗಿನ ಡಬ್ಬಿ ಖಾಲಿಯೇನೋ ಎನ್ನುವಷ್ಟು ಹಗುರವಾಗಿತ್ತು. ಇದನ್ನು ನೆಚ್ಚಿಕೊಂಡು ನಾಳೆ ಹೊರಡುತ್ತೀಯಾ ಎಂದು ತನ್ನನ್ನೇ ಕೇಳಿಕೊಂಡಳು. ನಾಳೆ ಬೆಳಗಾಗುತ್ತಲೇ ಗಂಡನೂ ಗಂಡನ ಅಕ್ಕನೂ ಮಗಳ ಕಾಲೇಜಿರುವ ಊರಿಗೆ ಕಾರಿನಲ್ಲಿ ಹೊರಡುವವರಿದ್ದರು. ಹೆಚ್ಚೂಕಡಿಮೆ ಅರ್ಧ ದಿನದ ದಾರಿ. ಮಗಳು ಗುಂಡು ಎಸೆಯುತ್ತಾಳೆ. ಕಾಲೇಜಿನ ಕೊನೆಯ ವರ್ಷ, ಕೊನೆಯ ಕ್ರೀಡಾಕೂಟ, ಇನ್ನು ಮುಂದೆ ಅವಳಿಗೆ ಎಸೆಯಲು ಮೈದಾನ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. "ಹೆಣ್ಣುಹುಡುಗಿ ಗುಂಡು ಎಸೆದು ಯಾರ ತಲೆ ಒಡೀಬೇಕಂತೆ?" ಎಂದು ವರ್ಷಗಟ್ಟಲೆ ಆಡಿಕೊಂಡು ನಕ್ಕ ದೊಡ್ಡಕ್ಕ (ಗಂಡನ ಅಕ್ಕನನ್ನು ಮನೆಮಂದಿಯೆಲ್ಲ ಕರೆಯುವುದೇ ಹಾಗೆ) ಈಗ ಎಲ್ಲರಿಗಿಂತ ಮೊದಲು ಬ್ಯಾಗು ತುಂಬಿಕೊಂಡು ಕೂತಿದ್ದಳು. ಆದರೆ ಮಗಳು ಶಾಲೆಯಲ್ಲಿದ್ದಾಗ, ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ಸಂಜೆ ಸಂಜೆ ಅಭ್ಯಾಸ ಮಾಡುತ್ತಿದ್ದಾಗ, ಅತ್ತ ತುದಿಯಲ್ಲಿ ನಿಂತು ಬಿದ್ದ ಗುಂಡನ್ನು ಎತ್ತಿ ತಂದುಕೊಡುತ್ತಿದ್ದವಳು ಯಾರು? ಗುಂಡು ಬಿದ್ದ ಕಡೆ ನೆಲ ಗುಂಡಿ ಬೀಳುತ್ತಿತ್ತು. ಬಗ್ಗಿ ಎರಡೂ ಕೈಯಲ್ಲಿ ಎತ್ತಿದರೆ ಅದರ ಭಾರ ಮೊಣಕೈಗೆ, ಭುಜಕ್ಕೆ, ಕೊನೆಗೆ ಹಲ್ಲಿನ ಬುಡಕ್ಕೆ ತಿಳಿಯುತ್ತಿತ್ತು. ಚಪ್ಪಾಳೆ ಗಿಪ್ಪಾಳೆ ಏನೂ ಇಲ್ಲ. ಹಿಂದಿನದಕ್ಕಿಂತ ಒಂದು ಗೇಣು ಮುಂದೆ ಬಿದ್ದಿದೆ ಎಂದು ಕೈಯಲ್ಲೇ ತೋರಿಸಿದರೆ ಮಗಳು ಅಲ್ಲಿಂದಲೇ ತಲೆಯಾಡಿಸುತ್ತಿದ್ದಳು. ಮೊನ್ನೆ ಫೋನು ಬಂದಾಗ ಅದು ಗಂಡನ ಕೈಯಲ್ಲಿತ್ತು. "ಅಮ್ಮ ಬರ್ತಾಳಲ್ಲ ಅಪ್ಪ?" ಎಂಬ ಮಾತು ಅಡುಗೆಮನೆಯವರೆಗೂ ಕೇಳಿತು. "ಅಮ್ಮಂಗೆ ಕಾರು ಆಗಲ್ವಲ್ಲ ಪುಟ್ಟಾ. ನಾವು ಬರ್ತೀವಿ" ಎಂದ. ಎಷ್ಟು ಮೆತ್ತಗೆ ಎಂದನೆಂದರೆ, ಹಾಸಿಗೆ ಹಿಡಿದವರ ಬಗ್ಗೆ ಪಕ್ಕದ ಕೋಣೆಯಲ್ಲಿ ಮಾತಾಡುತ್ತಾರಲ್ಲ, ಹಾಗೆ. ಬಸ್ಸಿಗೆ ಬರುತ್ತೇನೆ ಎಂದು ಅವಳು ಹೇಳಿದ್ದಕ್ಕೆ, "ನಾವು ಕಾರಲ್ಲಿ ಹೋಗಿ ನೀನು ಬಸ್ಸಲ್ಲಿ ಬಂದಿಳಿದ್ರೆ ನೋಡಿದೋರು ಏನಂದ್ಕೋತಾರೆ? ಆರಾಮಾಗಿ ಮನೇಲಿರು, ವಿಡಿಯೋ ತೆಗೆದು ಕಳಿಸ್ತೀನಿ" ಎಂದಿದ್ದ. ಅವಳಿಗೆ ಕೋಪ ಬಂದದ್ದು ಬೇಡವೆಂದಿದ್ದಕ್ಕಲ್ಲ, ಆರಾಮ ಎಂಬ ಆ ಪದಕ್ಕೆ.

ಕಾರು ಆಗಲ್ಲ ಎಂಬ ಬಿರುದು ಅವಳಿಗೆ ಬಂದು ಒಂದು ವರ್ಷವಾಗುತ್ತ ಬಂದಿತ್ತು. ನೆಂಟರ ಮದುವೆಗೆ ಹೋಗುವ ದಾರಿ, ಹಿಂದಿನ ಸೀಟಿನಲ್ಲಿ ಅವಳೂ ದೊಡ್ಡಕ್ಕನೂ. ಎಸಿ ಗುಯ್ ಎನ್ನುತ್ತಿತ್ತು, ಗಾಳಿ ಮಾತ್ರ ಇಲ್ಲ. ಸೀಟಿನ ಸೆಕೆ, ದೊಡ್ಡಕ್ಕನ ಪೌಡರಿನ ವಾಸನೆ, ಕನ್ನಡಿಗೆ ನೇತುಹಾಕಿದ್ದ ಸುಗಂಧದ ಪುಟ್ಟ ಸೀಸೆ, ಎಲ್ಲವೂ ಸೇರಿ ಮುಖಕ್ಕೆ ಒದ್ದೆ ಬಟ್ಟೆ ಹಾಕಿದ ಹಾಗಾಗುತ್ತಿತ್ತು. "ರೀ, ಗಾಳಿ ಬರ್ತಿಲ್ಲ" ಎಂದಳು. "ಬರ್ತಿದೆಯಲ್ಲೇ, ಸದ್ದು ಕೇಳ್ತಿಲ್ವಾ?" ಎಂದ. ಕಿಟಕಿ ಇಳಿಸಲೇ ಎಂದರೆ ಎಸಿ ಹಾಕಿದಾಗ ಕಿಟಕಿ ಇಳಿಸಬಾರದು. ಸ್ವಲ್ಪ ನಿಲ್ಲಿಸಿ ಎಂದರೆ ಮುಂದೆ ಒಳ್ಳೆ ಹೋಟೆಲಿದೆ. ಆ ಒಳ್ಳೆ ಹೋಟೆಲು ಬರುವುದರೊಳಗೆ ಬರಬಾರದ್ದು ಬಂತು. ಬಂದದ್ದು ದೊಡ್ಡಕ್ಕನ ಹೊಸ ಚಪ್ಪಲಿಯ ಮೇಲೆ. ಆ ಚಪ್ಪಲಿಯ ಕತೆಯನ್ನು ದೊಡ್ಡಕ್ಕ ಆಮೇಲೆ ಮದುವೆ ಮನೆಯಲ್ಲಿ, ನಾಮಕರಣದಲ್ಲಿ, ಒಮ್ಮೆ ಒಂದು ಸಾವಿನ ಮನೆಯಲ್ಲೂ ಹೇಳಿದಳು. ಪ್ರತಿ ಸಲ ಹೇಳುವಾಗಲೂ ಕೊನೆಗೆ, "ಪಾಪ, ಅವಳ ತಪ್ಪೇನು ಬಿಡಿ" ಎಂದು ಸೇರಿಸುವುದನ್ನು ಮರೆಯುತ್ತಿರಲಿಲ್ಲ. ಡಾಕ್ಟರು ನಾಲಿಗೆ ನೋಡಿ, ಕಣ್ಣರೆಪ್ಪೆ ಎಳೆದು ನೋಡಿ, ಟೆನ್ಷನ್ ಮಾಡ್ಕೊಳ್ತೀರಾ ಎಂದು ಕೇಳಿದ್ದರು. ಅವಳಿಗಿಂತ ಮೊದಲು ಗಂಡ ಹೌದು ಎಂದಿದ್ದ. ಆಮೇಲೆ ಅವಳೂ ಹೌದೇನೋ ಎಂದುಕೊಳ್ಳತೊಡಗಿದಳು. ತನಗೆ ಉಸಿರು ಕಟ್ಟುತ್ತದೆ ಎನ್ನುವುದೇ ಒಂದು ಚಾಳಿ, ಎಲ್ಲರೂ ನಗುತ್ತಿರುವಾಗ ಮುಖ ಕಿವಿಚಿಕೊಳ್ಳುವ ಚಾಳಿ. ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ಅವಳು ಷೆಡ್ಡಿಗೆ ಹೋಗಿ, ನಿಂತ ಕಾರಿನೊಳಗೆ ಬಾಗಿಲು ಹಾಕಿಕೊಂಡು ಕೂತು, ನನಗೇನೂ ಆಗುತ್ತಿಲ್ಲ, ನನಗೇನೂ ಆಗುತ್ತಿಲ್ಲ ಎಂದು ಕಣ್ಣುಮುಚ್ಚಿ ಹೇಳಿಕೊಂಡಿದ್ದೂ ಉಂಟು. ಪಕ್ಕದ ಮನೆಯವಳು ಗಾಜು ತಟ್ಟಿ, "ಕೀ ಕಳೆದ್ಹೋಯ್ತಾ?" ಎಂದು ಕೇಳಿದಾಗ ಹೂಂ ಎಂದಿದ್ದಳು. ಅದನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಗೇಟು ಸದ್ದಾಗದಂತೆ ತೆರೆದಳು. ಗಂಡ ಊಟ ಮಾಡಿ ಮಲಗಿದ್ದ. ಮಹಡಿಯ ಕಿಟಕಿಯಿಂದ ಗೊರಕೆ ಕೇಳುತ್ತಿತ್ತು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ಸಲೀಸಾಗುತ್ತಿತ್ತು ಎಂದು ಅವಳಿಗೆ ಆಗಾಗ ಅನ್ನಿಸುವುದಿದೆ. ಪ್ರತಿ ರಜೆಯಲ್ಲೂ ಕಾರನ್ನು ಮಗುವಿಗೆ ನೀರು ಹಾಕಿದ ಹಾಗೆ ತೊಳೆಯುತ್ತಾನೆ, ಕಿವಿಯ ಹಿಂದೆ ಒರೆಸಿದ ಹಾಗೆ ಕನ್ನಡಿಯ ಸಂದು ಒರೆಸುತ್ತಾನೆ. ಹೋದ ವರ್ಷ ಬೇಸಿಗೆಯಲ್ಲಿ ಸರ್ವೀಸಿಗೆ ಬಿಟ್ಟ ಕಡೆ ಯಾವುದೋ ವಿಷಯಕ್ಕೆ ಜಗಳವಾಗಿ, "ಈ ಕಳ್ಳರ ಸಹವಾಸವೇ ಬೇಡ, ನನಗೇನು ಕೈಯಿಲ್ವಾ?" ಎಂದು ಒಳಬರುವ ಗಾಳಿ ಸೋಸುವ ಎಸಿ ಫಿಲ್ಟರನ್ನು ತಾನೇ ತಂದು ತಾನೇ ಹಾಕಿದ. ಹಾಕಿದ ಮೇಲೆ ಬೀದಿಗೆಲ್ಲ ಸಾರಿದ. ಅಲ್ಲಿಂದಾಚೆಗೆ ಎಸಿ ಸರಿಯಿಲ್ಲವೆಂದು ಅವನಿಗೂ ಗೊತ್ತಿತ್ತು. ಗ್ಯಾರೇಜಿನವನಿಂದ ಗ್ಯಾಸ್ ತುಂಬಿಸಿದ, ಪೈಪು ತೊಳೆಸಿದ. ಗ್ಯಾರೇಜಿನವನು ಮುಂದಿನ ಸೀಟಿನೆದುರಿನ ಗ್ಲೌ ಬಾಕ್ಸಿಗೆ ಕೈ ಹಾಕಿದರೆ, "ಫಿಲ್ಟರ್ ನಾನೇ ಹೊಸದು ಹಾಕಿದ್ದೀನಿ. ಅದರ ತಂಟೆಗೆ ಹೋಗ್ಬೇಡಿ" ಎಂದು ಕೈ ಹಿಡಿದ. ಆ ಮಾತು ಅವಳ ತಲೆಯಲ್ಲಿ ಸುಮ್ಮನೆ ಬಿದ್ದುಕೊಂಡಿತ್ತು. ನಿನ್ನೆ ರಾತ್ರಿ ಊಟದ ತಟ್ಟೆ ತೊಳೆಯುತ್ತಿದ್ದಾಗ ಅದು ಎದ್ದು ಕೂತಿತು: ಈ ಕಾರಿನಲ್ಲಿ ಎಲ್ಲವನ್ನೂ ಬಿಚ್ಚಿ ನೋಡಿದ್ದಾರೆ, ನನ್ನ ನಾಲಿಗೆಯನ್ನೂ ನೋಡಿದ್ದಾರೆ. ನೋಡದೆ ಬಿಟ್ಟದ್ದು ಅದೊಂದೇ.

ಕಾರಿನ ಬಾಗಿಲು ತೆರೆದು ನೆಲದ ಮೇಲೆ ಮಂಡಿಯೂರಿದಳು. ಫೋನಿನಲ್ಲಿ ಗಡ್ಡದವನೊಬ್ಬ ನಗುನಗುತ್ತ ಚಿಟಿಕೆ ಹೊಡೆಯುವುದರಲ್ಲಿ ಮಾಡಿ ತೋರಿಸಿದ್ದ. ಅವನ ಕಾರು ಬೇರೆ, ಅವನ ಧೈರ್ಯ ಬೇರೆ. ಗ್ಲೌ ಬಾಕ್ಸಿನೊಳಗಿನ ಸಾಮಾನನ್ನೆಲ್ಲ ತೆಗೆದು ಸೀಟಿನ ಮೇಲಿಟ್ಟಳು: ಒರೆಸುವ ಬಟ್ಟೆ, ಒಂದು ಕಡ್ಡಿ ಮುರಿದ ತಂಪು ಕನ್ನಡಕ, ವಾಂತಿ ಮಾತ್ರೆಯ ಅರ್ಧ ಹಾಳೆ. ಬಾಕ್ಸಿನ ಎರಡು ಪಕ್ಕವನ್ನೂ ಒಳಕ್ಕೆ ಒತ್ತಿ ಕೆಳಕ್ಕೆ ಜಗ್ಗಬೇಕು. ಒತ್ತಿದಳು. ಬರಲಿಲ್ಲ. ಇನ್ನೂ ಒತ್ತಿದಾಗ ಕಟ್ ಎಂದಿತು. ಮುರಿಯಿತು ಎಂದುಕೊಂಡಳು. ತಾನು ಮುಟ್ಟಿದ್ದೆಲ್ಲ ಮುರಿಯುತ್ತದೆ ಎಂದು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ. ಮಿಕ್ಸಿ ಕೆಟ್ಟರೆ, ನಲ್ಲಿ ಸೋರಿದರೆ, ನೀನು ಏನು ಮಾಡಿದೆ ಎಂದು ಕೇಳುತ್ತಾರೆ ಅಷ್ಟೆ. ಮುರಿದರೆ ಮುರಿಯಲಿ. ಒಂದು ಡಬ್ಬಿ ತಾನೇ, ಡಬ್ಬಿಯಿಲ್ಲದೆಯೂ ಕಾರು ಓಡುತ್ತದೆ. ಹೀಗೆಂದುಕೊಂಡ ಕೂಡಲೇ ಕೈಗೆ ಬಲ ಬಂದು, ಇಡೀ ಬಾಕ್ಸು ಬಾಯಿ ಬಿಟ್ಟುಕೊಂಡು ಅವಳ ಮಡಿಲಿಗೆ ಇಳಿಯಿತು. ಏನೂ ಮುರಿದಿರಲಿಲ್ಲ. ಹಿಂದಿನ ಕತ್ತಲಲ್ಲಿ ಅಂಗೈ ಅಗಲದ ಉದ್ದನೆಯ ಮುಚ್ಚಳ ಕಂಡಿತು. ಪಕ್ಕದ ಕೊಂಡಿಗಳನ್ನು ಹಿಂಡಿ ಮುಚ್ಚಳ ಕಿತ್ತಳು, ಒಳಗೆ ಬೆರಳು ತೂರಿಸಿದಳು. ಬೆರಳಿಗೆ ಸಿಕ್ಕಿದ್ದು ಕಾಗದವಲ್ಲ, ಬಟ್ಟೆಯಲ್ಲ. ನುಣ್ಣಗಿತ್ತು. ಹಿಡಿದೆಳೆದಾಗ ಚರಪರ ಸದ್ದು ಮಾಡುತ್ತ ಈಚೆಗೆ ಬಂತು.

ಪ್ಲಾಸ್ಟಿಕ್ಕು. ಅಂಗಡಿಯಿಂದ ತಂದಾಗ ಸುತ್ತಿದ್ದ ಪ್ಲಾಸ್ಟಿಕ್ ಕವರನ್ನು ಬಿಚ್ಚದೆ ಫಿಲ್ಟರನ್ನು ಹಾಗೇ ತುರುಕಿದ್ದ. ಕವರಿನ ಮೇಲೆ ಒಂದು ವರ್ಷದ ಧೂಳು, ಒಣಗಿದ ಎಲೆಯ ಚೂರು, ಯಾವುದೋ ಹುಳದ ರೆಕ್ಕೆ. ಒಳಗಿನ ಮಡಿಕೆಗಳು ಮಾತ್ರ ಈಗಷ್ಟೇ ತಂದ ಹಾಗೆ ಬೆಳ್ಳಗೆ. ಅವಳು ಚೀಲದಿಂದ ಹೊಸ ಡಬ್ಬಿ ತೆಗೆದು ಒಡೆದಳು. ಅದಕ್ಕೂ ಅಂಥದೇ ಕವರು. ಎರಡನ್ನೂ ಅಕ್ಕಪಕ್ಕ ಸೀಟಿನ ಮೇಲಿಟ್ಟು ನೋಡುತ್ತ ಕೂತಳು. ನಗು ಬಂತು, ಆದರೆ ಆ ಹೊತ್ತಿಗೆ ಅವಳಿಗೆ ಟಾರ್ಚು ನೆನಪಾಯಿತು. ಅವತ್ತು ಅವನು ಇದೇ ಜಾಗದಲ್ಲಿ ಮಂಡಿಯೂರಿದ್ದಾಗ ಟಾರ್ಚು ಹಿಡಿದು ನಿಂತಿದ್ದವಳು ಅವಳೇ. ಅವನ ಕೈಯಲ್ಲಿದ್ದದ್ದು ಬೆಳಕಿಗೆ ಹೊಳೆದಿತ್ತು. "ರೀ, ಅದರ ಕವರು..." ಎಂದಿದ್ದಳು. "ಟಾರ್ಚ್ ನೆಟ್ಟಗೆ ಹಿಡಿ ಮೊದಲು. ಕಣ್ಣಿಗೆ ಬಿಡ್ತಿದ್ದೀಯ" ಎಂದಿದ್ದ. ನೆಟ್ಟಗೆ ಹಿಡಿದಳು. ಹೊಸ ವಸ್ತುವೆಂದರೆ ಹೊಳೆಯುತ್ತದೆ, ಅದು ಹಾಗೇ ಇರಬೇಕು, ಅವನಿಗೆ ಗೊತ್ತಿಲ್ಲವೇ ಎಂದುಕೊಂಡಳು. ಅಂದುಕೊಂಡದ್ದಲ್ಲ, ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಕಂಡದ್ದನ್ನು ಕಾಣಲಿಲ್ಲ ಎಂದುಕೊಳ್ಳುವುದನ್ನು ಅವಳಿಗೆ ಯಾರೂ ಹೊಡೆದು ಬಡಿದು ಕಲಿಸಿದ್ದಲ್ಲ. ತಾನಾಗಿ ಕಲಿತಿದ್ದಳು, ಚೆನ್ನಾಗಿಯೇ ಕಲಿತಿದ್ದಳು. ಒಂದು ವರ್ಷ ಅವರೆಲ್ಲ ನಿನ್ನ ಮನಸ್ಸು ಸರಿಯಿಲ್ಲ ಎಂದರು, ತಾನು ಹೂಂಗುಟ್ಟಿದೆ. ಅವರ ಮೇಲಿನ ಸಿಟ್ಟಿಗಿಂತ ಈ ಹೂಂಗುಟ್ಟಿದವಳ ಮೇಲಿನ ಸಿಟ್ಟು ದೊಡ್ಡದಾಗಿ, ಅವಳು ಹೊಸ ಫಿಲ್ಟರಿನ ಕವರನ್ನು ಹಲ್ಲಿನಿಂದ ಕಚ್ಚಿ ಹರಿದಳು.

"ಏನೇ ಮಾಡ್ತಿದ್ದೀಯ ಅಲ್ಲಿ?" ಗಂಡ ಮೆಟ್ಟಿಲ ಮೇಲೆ ನಿಂತಿದ್ದ. ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಹಾಗೇ ಇತ್ತು. ಬಿಚ್ಚಿ ಜೋತುಬಿದ್ದ ಬಾಕ್ಸನ್ನು ನೋಡಿದ್ದೇ ತಡ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿಬಂದ. "ಯಾರೇ ಇದನ್ನ ಬಿಚ್ಚು ಅಂದೋರು? ನಾಳೆ ಊರಿಗೆ ಹೊರಡೋ ಗಾಡಿ ಇದು! ಏನಾದ್ರೂ ಮುರಿದಿಟ್ರೆ ಯಾರು..." ಅಷ್ಟರಲ್ಲಿ ಸೀಟಿನ ಮೇಲಿದ್ದದ್ದು ಅವನ ಕಣ್ಣಿಗೆ ಬಿತ್ತು. ಅವನು ಅದನ್ನು ಎತ್ತಿಕೊಂಡು, ತಿರುಗಿಸಿ, ಧೂಳಿನ ಮೇಲೆ ಹೆಬ್ಬೆರಳು ಎಳೆದ. ಎಳೆದ ಕಡೆ ಕೆಳಗಿನ ಬಿಳುಪು ಕಂಡಿತು. "ಇನ್ನೂ ಹೊಸದಾಗೇ ಇದೆಯಲ್ಲ. ಇದನ್ನೇ ಬಿಚ್ಚಿ ಹಾಕಬಹುದಿತ್ತು. ಸುಮ್ನೆ ಇನ್ನೊಂದು ತಂದೆ" ಎಂದ.

ಅವಳು ಅವನ ಮುಖ ನೋಡಿದಳು. ಇದೊಂದು ಮಾತಿಗಾಗಿ ಅವಳಿಗೆ ಅವನ ಮೇಲೆ ಕರುಣೆ ಬಂತು, ಬಂದ ಕರುಣೆಗೆ ಹೆದರಿಕೆಯೂ ಆಯಿತು. ಇದೇ ಕರುಣೆ ಅವಳ ಬಾಯಿಯನ್ನು ಎಷ್ಟು ಸಲ ಮುಚ್ಚಿಸಿಲ್ಲ? "ಪ್ಯಾಕಿಂಗ್ ಮಾಡೋರಿಗೆ ಬುದ್ಧಿ ಬೇಡ್ವಾ? ಇಷ್ಟು ತೆಳ್ಳಗಿನ ಕವರ್ ಹಾಕಿದ್ರೆ ಯಾರಿಗೆ ಕಾಣುತ್ತೆ?" ಎಂದು ಅವನು ಹೇಳುತ್ತಲೇ ಇದ್ದ. "ನನಗೆ ಕಂಡಿತ್ತು" ಎಂದಳು. "ಏನು?" "ಅವತ್ತೇ ಕಂಡಿತ್ತು. ಕವರು ಅಂದೆ. ಟಾರ್ಚ್ ನೆಟ್ಟಗೆ ಹಿಡಿ ಅಂದ್ರಿ." ಅವನಿಗೆ ನೆನಪಾಗಲಿಲ್ಲ, ನೆನಪಾಗದವರ ಮುಖ ಸುಳ್ಳು ಹೇಳುವುದಿಲ್ಲ. ನೆನಪಿಟ್ಟುಕೊಳ್ಳುವಂಥದ್ದೇನೂ ಅವತ್ತು ಅವನಿಗೆ ನಡೆದಿರಲಿಲ್ಲ. ಗೇಟಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಆಯ್ತು ಬಿಡು. ಈಗ ಸಿಕ್ತಲ್ಲ. ದೊಡ್ಡಕ್ಕಂಗೆ ಮಾತ್ರ ಹೇಳ್ಬೇಡ, ಜೀವಮಾನವಿಡೀ ಆಡ್ಕೋತಾಳೆ." ಆಮೇಲೆ ಏನೋ ದೊಡ್ಡದನ್ನು ಕೊಡುವವನ ಹಾಗೆ, "ನಾಳೆ ನೀನೂ ಬಾ" ಎಂದ. ಅವಳಿಗೆ ಬೇಕಾದದ್ದು ಅದೇ. ಬೆಳಗಿನಿಂದ ಬಿಸಿಲಲ್ಲಿ ಅಲೆದದ್ದು ಅದಕ್ಕೇ. ಆದರೂ ಅದು ಹೀಗೆ, ಬಾಯಿ ಮುಚ್ಚಿಕೊಂಡಿರು ಎಂಬುದರ ಬೆನ್ನಿಗೇ ಬಂದಾಗ, ಯಾರೋ ಉಟ್ಟು ಬಿಟ್ಟ ಬಟ್ಟೆ ಕೊಟ್ಟ ಹಾಗಾಯಿತು. "ಬಾ ಅಂತ ನೀವು ಕರೆಯೋದೇನು? ನಾನು ಹೊರಟಾಗಿದೆ" ಎಂದಳು.

"ಕೊಡು ಇಲ್ಲಿ, ನಾನು ಹಾಕ್ತೀನಿ. ನಿನಗೆ ಗೊತ್ತಾಗಲ್ಲ" ಎಂದು ಅವನು ಕೈ ಚಾಚಿದ. ಅವಳು ಕೊಡಲಿಲ್ಲ. ಹೊಸ ಫಿಲ್ಟರಿನ ಅಂಚಿನ ಮೇಲೆ ಬಾಣದ ಗುರುತಿತ್ತು, ಗಾಳಿ ಹೋಗುವ ಕಡೆಗೆ ಬಾಣ. ಗಾಳಿ ಮೇಲಿಂದ ಕೆಳಕ್ಕೆ ಬರುತ್ತದೆಂದು ಗಡ್ಡದವನು ಹೇಳಿದ್ದ. ಬಾಣವನ್ನು ಕೆಳಮುಖವಾಗಿ ಹಿಡಿದು, ಒಂದು ತುದಿಯನ್ನು ಮೊದಲು ತೂರಿಸಿ, ಮಡಿಕೆಗಳು ನಲುಗದಂತೆ ಮೆಲ್ಲಗೆ ಒಳಗೆ ಜಾರಿಸಿದಳು. ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. "ನೋಡ್ದ್ಯಾ" ಎಂದ ಅವನು. "ಫೋನಿನ ಬೆಳಕು ಹಾಕಿ, ಇತ್ತ ಕಡೆ" ಎಂದಳು. ಹಾಕಿದ. ಬೆಳಕಿನಲ್ಲಿ ಅಂಚೊಂದು ಮಡಚಿಕೊಂಡಿದ್ದು ಕಂಡಿತು. ಉಗುರಿನಿಂದ ಸರಿಪಡಿಸಿ ತಳ್ಳಿದಳು, ಹೋಗಿ ಕೂತಿತು. ಮುಚ್ಚಳ ಹಾಕಿ, ಗ್ಲೌ ಬಾಕ್ಸನ್ನು ಎತ್ತಿ ಕೂರಿಸಿ ಎದ್ದು ನಿಂತಾಗ ಅವಳ ಮಂಡಿಯ ಮೇಲೆ ನೆಲದ ಕಲ್ಲಿನ ಅಚ್ಚು ಮೂಡಿತ್ತು. ಹಳೆಯದನ್ನು ಕವರು ಸಮೇತ ಅವನು ಯಾವಾಗಲೋ ಕಸದ ಬುಟ್ಟಿಯ ತಳಕ್ಕೆ ಸೇರಿಸಿ ಮೇಲೆ ಪೇಪರು ಮುಚ್ಚಿದ್ದ.

ನಾಳೆ ಬೇಗ ಹೊರಡಬೇಕಾದ್ದರಿಂದ ದೊಡ್ಡಕ್ಕ ಇವತ್ತು ಇಲ್ಲೇ ಬಂದು ಮಲಗುವುದೆಂದು ಮಾತಾಗಿತ್ತು. ಅವಳನ್ನು ಕರೆತರಲು ಇಬ್ಬರೂ ಹೊರಟರು. ಅವನು ಕೀ ತಿರುಗಿಸಿ ಎಸಿ ಹಾಕಿದ್ದೇ ತಡ, ಗಾಳಿ ಭರ್ರೆಂದು ನುಗ್ಗಿತು. ಅವಳ ಹಣೆಯ ಕೂದಲು ಹಾರಿತು, ಕನ್ನಡಿಯ ಸೀಸೆ ಗಿರಗಿರ ತಿರುಗಿತು. "ಅಬ್ಬಾ!" ಎಂದು ಅವನು ಚಿಕ್ಕ ಮಗುವಿನಂತೆ ನಕ್ಕ. ಒಂದು ಕೈಯನ್ನು ಗಾಳಿಗೆ ಹಿಡಿದು, "ಹೆಂಗಿದೆ ನೋಡೇ! ಚಳಿ ಹತ್ತುತ್ತೆ!" ಎಂದ. ಅವಳಿಗೂ ನಗು ಬಂತು. ಬೀದಿಯ ತಿರುವಿನಲ್ಲಿ ಅವಳು ಕಣ್ಣುಮುಚ್ಚಿ ಉಸಿರನ್ನು ಹೊಟ್ಟೆಯ ತನಕ ಎಳೆದುಕೊಂಡಳು. ತಾನು ಸರಿಯಾಗಿದ್ದೇನೆ, ತನ್ನ ಮೂಗು ಸರಿಯಾಗಿದೆ, ತನ್ನ ಎದೆ ಸರಿಯಾಗಿದೆ. ಕೆಟ್ಟಿದ್ದು ಕಾರು. ಇದನ್ನು ಮಗಳಿಗೆ ಹೇಗೆ ಹೇಳಬೇಕು, ದೊಡ್ಡಕ್ಕನ ಮುಂದೆ ಹೇಗೆ ಹೇಳಬೇಕು ಎಂದು ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಿರುವಾಗಲೇ, ಸೇತುವೆ ಇಳಿದು ಬಲಕ್ಕೆ ಹೊರಳುವಲ್ಲಿ, ಹೊಟ್ಟೆಯ ತಳದಲ್ಲಿ ಏನೋ ಮೆಲ್ಲಗೆ ಮಗ್ಗುಲು ಬದಲಿಸಿತು.

ಇಲ್ಲ ಎಂದುಕೊಂಡಳು. ಬಾಯಲ್ಲಿ ನೀರು ಊರಿತು, ನುಂಗಿದಳು. ಅಂಗೈ ತಣ್ಣಗಾಯಿತು. ಗಾಳಿ ಸರಾಗವಾಗಿ, ಶುದ್ಧವಾಗಿ, ಅವಳೇ ಕೈಯಾರೆ ಬಿಟ್ಟ ಗಾಳಿ, ಮುಖಕ್ಕೆ ಬಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಹಾಗಾದರೆ ಅವರು ಹೇಳಿದ್ದೇ ನಿಜವೇ? ಡಾಕ್ಟರು, ದೊಡ್ಡಕ್ಕ, ಎಲ್ಲರೂ? ಈಗ ವಾಂತಿಯಾದರೆ ಮುಗಿಯಿತು, ಬೆಳಗಿನಿಂದ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಹಲ್ಲು ಕಚ್ಚಿ ರಸ್ತೆಯ ಕೊನೆಯನ್ನೇ ನೋಡತೊಡಗಿದಳು. ದೊಡ್ಡಕ್ಕನ ಮನೆ ಬಂತು. ಎರಡು ಬ್ಯಾಗು, ಒಂದು ದಿಂಬು, ಪೌಡರಿನ ವಾಸನೆ ಸಮೇತ ದೊಡ್ಡಕ್ಕ ಹಿಂದಿನ ಸೀಟಿನಲ್ಲಿ ತುಂಬಿಕೊಂಡಳು. "ಏನೋ ಇದು, ಇವಳು ಮುಂದೆ ಕೂತಿದ್ದಾಳೆ? ನಾಳೆಗೂ ಬರ್ತಾಳೇನು?" ಎಂದಳು. "ಬರ್ತಾಳೆ. ಎಸಿ ರಿಪೇರಿ ಮಾಡಿದ್ದೀನಿ, ಇನ್ನೇನೂ ತೊಂದ್ರೆ ಇಲ್ಲ" ಎಂದ ಅವನು. ಮಾಡಿದ್ದೀನಿ. ಅವಳು ಅವನ ಕಡೆ ತಿರುಗಿದಳು. ಅವನು ರಸ್ತೆ ನೋಡುತ್ತಿದ್ದ, ಕಿವಿ ಮಾತ್ರ ಕೆಂಪಗಾಗಿತ್ತು. "ನೀನು ಬಿಡಪ್ಪ, ರಿಪೇರೀಲಿ ಎತ್ತಿದ ಕೈ" ಎಂದು ದೊಡ್ಡಕ್ಕ ಮೆಚ್ಚಿಕೊಳ್ಳುತ್ತಿದ್ದ ಹಾಗೆ ಇವಳ ಗಂಟಲಿನವರೆಗೂ ಏನೋ ಉಕ್ಕಿ ಬಂತು. ಅದು ಹೊಟ್ಟೆಯದೋ ಸಿಟ್ಟಿನದೋ ಅವಳಿಗೆ ತಿಳಿಯಲಿಲ್ಲ. "ಗಾಡಿ ನಿಲ್ಲಿಸಿ" ಎಂದಳು.

ಒಂದು ಚಪ್ಪಲಿ ಅಂಗಡಿಯ ಮುಂದೆ ನಿಲ್ಲಿಸಿದ. ಇಳಿದು, ಚರಂಡಿಯ ಅಂಚಿನಲ್ಲಿ ಬಗ್ಗಿ, ಲೈಟುಕಂಬ ಹಿಡಿದುಕೊಂಡು ವಾಂತಿ ಮಾಡಿದಳು. ಬಸ್ಸಿಗೆ ಕಾಯುತ್ತಿದ್ದವರು ಎರಡು ಹೆಜ್ಜೆ ಆಚೆ ಸರಿದರು. ಕಾರಿನೊಳಗಿಂದ ದೊಡ್ಡಕ್ಕನ ದನಿ: "ನಾನು ಬಡ್ಕೊಂಡಿಲ್ವಾ? ಪಾಪ, ಅವಳ ಕೈಲಾಗಲ್ಲ ಕಣೋ. ಯಾಕೆ ಹಿಂಸೆ ಕೊಡ್ತೀಯ, ಮನೇಲಿರಲಿ." ಗಂಡ ನೀರಿನ ಬಾಟಲಿ ತಂದು ಪಕ್ಕದಲ್ಲಿ ನಿಂತ. ಬೆನ್ನು ಸವರಿದ. ಅವಳು ತಲೆಯೆತ್ತಿ ನೋಡಿದಾಗ ಅವನ ಮುಖದ ಮೇಲೆ ಮರುಕವಿತ್ತು. ಮರುಕದ ಅಡಿಯಲ್ಲಿ ಹಗುರಾದವನ ಒಂದು ನೆಮ್ಮದಿಯೂ ಇತ್ತು. "ನೋಡಿದ್ಯಾ, ಫಿಲ್ಟರಿಂದ ಅಲ್ಲ ಇದು" ಎಂದ, ಮೆತ್ತಗೆ.

ಬಾಯಿ ಮುಕ್ಕಳಿಸಿದಳು. ಮತ್ತೊಮ್ಮೆ ಮುಕ್ಕಳಿಸಿದಳು. ಗಂಟಲು ಉರಿಯುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಎಲ್ಲರೂ ನೋಡುತ್ತಿದ್ದರು, ನೋಡಲಿ. ನಾಚಿಕೆ ಬರುತ್ತದೆಂದು ಕಾದಳು. ಇಷ್ಟು ಹೊತ್ತಿಗೆ ಅದು ಬಂದಿರಬೇಕಿತ್ತು. ಬರಲಿಲ್ಲ. ಕಾರು ಸರಿಯಿದ್ದರೂ ತನಗೆ ವಾಂತಿಯಾಗುತ್ತದೆ. ಆಗಲಿ. ಕವರು ಬಿಚ್ಚದ್ದೂ ನಿಜ, ವಾಂತಿಯಾದದ್ದೂ ನಿಜ. ತನ್ನದು ಸರಿ ಎಂದು ತೋರಿಸಿಕೊಟ್ಟ ಮೇಲೆಯೇ ಮಗಳನ್ನು ನೋಡಲು ಹೋಗಬೇಕೆಂದು ತನಗೆ ಹೇಳಿದವರು ಯಾರು? ಹೊಟ್ಟೆ ಕೆಟ್ಟವಳಿಗೆ ಮಗಳಿಲ್ಲವೇ?

"ಫಿಲ್ಟರೂ ಹೌದು. ನನ್ನ ಹೊಟ್ಟೆಯೂ ಹೌದು" ಎಂದಳು. ಬಸ್ಸಿಗೆ ಕಾದವರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು. "ನಾಳೆ ದಾರೀಲಿ ಎಷ್ಟು ಸಲ ಬರುತ್ತೋ ಅಷ್ಟು ಸಲ ನಿಲ್ಲಿಸ್ತೀರಿ. ಇಳಿದು ವಾಂತಿ ಮಾಡ್ತೀನಿ, ಬಾಯಿ ತೊಳ್ಕೋತೀನಿ, ಮತ್ತೆ ಹತ್ತಿ ಕೂತ್ಕೋತೀನಿ. ಅವಳು ಎಸೆಯೋ ಹೊತ್ತಿಗೆ ನಾನು ಅಲ್ಲಿರ್ತೀನಿ."

"ಅಷ್ಟು ದೂರ ಹಿಂಗೇನೇ?" ಎಂದ ಅವನು.

"ಹಿಂಗೇ. ಕವರ್ ಬಿಚ್ಚದೆ ಒಂದು ವರ್ಷ ಓಡಿಸಿದ್ದೀರಿ. ನನಗೋಸ್ಕರ ನಾಲ್ಕು ಸಲ ನಿಲ್ಲಿಸೋಕೆ ಆಗಲ್ವಾ?"

ಹಿಂದಿನ ಕಿಟಕಿಯ ಗಾಜು ಸರ್ರನೆ ಇಳಿಯಿತು. "ಏನದು ಕವರು?" ಎಂದಳು ದೊಡ್ಡಕ್ಕ. ಅವನು ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತ. ಹೇಳ್ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡ. ಆ ಕಣ್ಣನ್ನು ಅವಳು ಇಪ್ಪತ್ತಕ್ಕೂ ಹೆಚ್ಚು ವರ್ಷ ಓದಿಕೊಂಡು ಬಂದಿದ್ದಳು, ಅದು ಹೇಳಿದ ಹಾಗೆ ಕೇಳಿಕೊಂಡೂ ಬಂದಿದ್ದಳು. ಮುಂದಿನ ಸೀಟಿನಲ್ಲಿ ಕೂತು, ಬೆಲ್ಟು ಎಳೆದು ಹಾಕಿಕೊಂಡು, ಹಿಂದಕ್ಕೆ ತಿರುಗಿ, "ಹೇಳ್ತೀನಿ ಅಕ್ಕ" ಎಂದಳು. ಕಾರು ಹೊರಟಿತು. ಹೋದ ವರ್ಷದ ಬೇಸಿಗೆಯಿಂದ ಶುರುಮಾಡಿದಳು. ಸರ್ವೀಸಿನ ಜಗಳ, ಟಾರ್ಚು, ಹೊಳೆದ ಪ್ಲಾಸ್ಟಿಕ್ಕು, ಗ್ಯಾರೇಜಿನವನ ಕೈ ಹಿಡಿದದ್ದು, ಯಾವುದನ್ನೂ ಬಿಡಲಿಲ್ಲ. ದೊಡ್ಡಕ್ಕ ಮೊದಲು ನಂಬಲಿಲ್ಲ, ಆಮೇಲೆ "ಅಯ್ಯೋ ನಿನ್ನ!" ಎಂದು ತಮ್ಮನ ಹೆಗಲಿಗೆ ಹೊಡೆದು ನಗಲು ಶುರುಮಾಡಿದಳು, ನಗುತ್ತ ನಗುತ್ತ ಚಪ್ಪಲಿಯ ಕತೆ ನೆನಪಾಗಿರಬೇಕು, ತಟ್ಟನೆ ಕಾಲಿನ ಚಪ್ಪಲಿ ನೋಡಿಕೊಂಡಳು. ಅವನು ರಸ್ತೆಯ ಮೇಲೇ ಕಣ್ಣಿಟ್ಟು ಓಡಿಸುತ್ತಿದ್ದ. ಅವಳು ಹುಳದ ರೆಕ್ಕೆಯ ವಿಷಯಕ್ಕೆ ಬಂದಿದ್ದಳು. ಅಷ್ಟರಲ್ಲಿ ಹೊಟ್ಟೆ ಮತ್ತೆ ಮಗ್ಗುಲು ಬದಲಿಸಿತು. "ನಿಲ್ಲಿಸಿ" ಎಂದಳು. ಆ ಮಾತು ಮುಗಿಯುವುದರೊಳಗೆ ಕಾರು ರಸ್ತೆಯ ಬದಿಗೆ ಬಂದು ನಿಂತಿತ್ತು.

ಅವಸರವಿಲ್ಲದೆ ಬೆಲ್ಟು ಬಿಚ್ಚಿ ಇಳಿದಳು. ದೊಡ್ಡಕ್ಕ ಬಗ್ಗಿ ಮುಂದಿನ ಬಾಗಿಲು ಎಳೆದುಕೊಳ್ಳಲು ಕೈ ಚಾಚಿದಾಗ, ತಿರುಗಿ, "ಬಾಗಿಲು ತೆಗೆದೇ ಇರಲಿ ಅಕ್ಕ. ಬಂದೆ. ಹೇಳೋದು ಇನ್ನೂ ಇದೆ" ಎಂದಳು.